ಹೊಳ್ಳರ ಗೋಡೆಯ ಮೇಲಿನವರು

ಕೀಲ್ಪಾಕ್‌ನ ಆ ಓಣಿಯಲ್ಲಿ ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ ಒಂದಿತ್ತು: ಹೋಟೆಲ್ ವಿಷ್ಣುಮೂರ್ತಿ ಹೊಳ್ಳರ ಮನೆಯಲ್ಲಿ ಆದಷ್ಟು ಸಾವು ಮದರಾಸಿನ ಇನ್ಯಾವ ಮನೆಯಲ್ಲೂ ಆಗಿಲ್ಲ.

“ಪಾವಂ ರೀ, ಪಾಪದವರು,” ಎನ್ನುತ್ತಿದ್ದರು ಎದುರುಮನೆಯ ರಮಾಬಾಯಿ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಬೇರುಬಿಟ್ಟ ಮಾಧ್ವರ ಮನೆಯ ಹೆಂಗಸು. ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರನ್ನು ಬಾಗಿಲ ಮುಂದಿನ ತಿಣ್ಣೆಯ ಮೇಲೆ ಕೂರಿಸಿಕೊಂಡು ಲೋಕವಾರ್ತೆ ತಿಳಿಸುವುದು ಅವರ ಪದ್ಧತಿ. “ಒಳಗೆ ಕಾಲಿಟ್ಟರೆ ಸಾಕು, ನಾಲ್ಕು ಗೋಡೆಗೂ ಫೋಟೋ. ಅಷ್ಟೂ ಹೋದವರೇ. ದೇವರ ಪಟಕ್ಕೂ ಜಾಗ ಇಲ್ಲದೆ ಅದನ್ನ ಅಡಿಗೆಮನೆಗೆ ತಳ್ಳಿದ್ದಾರೆ. ಒಂದರಲ್ಲಂತೂ ಆಳೇ ಇಲ್ಲ, ಬರೀ ಮಡಕೆ! ಯಾರ ಮಡಕೆಯೋ, ಪಾವಂ, ಆಸೆಪಟ್ಟು ತಂದಿಟ್ಟು ಹೋಗಿಬಿಟ್ಟರೇನೋ.”

ಈ ಮಾತು ಕೇಳಿ ಕರಗಿದ ಹೊಸಬಳೊಬ್ಬಳು ಬಾಳೆಹಣ್ಣು ಹಿಡಿದುಕೊಂಡು ಸಮಾಧಾನ ಹೇಳಲು ಬಂದದ್ದೂ ಉಂಟು. ಹೊಳ್ಳರ ಹೆಂಡತಿ ಚಂದ್ರಮತಿ ಹಣ್ಣು ತೆಗೆದುಕೊಂಡು, ಕಾಫಿ ಕೊಟ್ಟು, ಬಂದವಳು ಅಳುತ್ತಿದ್ದಾಳಲ್ಲ ಎಂದು ತಾನೂ ಸ್ವಲ್ಪ ಅತ್ತಳು. ಯಾರಿಗಾಗಿ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಓಣಿಯವರನ್ನು ದೂರಿ ಫಲವಿಲ್ಲ. ಆ ಕಾಲದಲ್ಲಿ ಗೋಡೆಯ ಮೇಲೆ ಜಾಗ ಇದ್ದದ್ದು ಇಬ್ಬರಿಗೇ: ದೇವರಿಗೆ, ಮತ್ತೆ ದೇವರ ಪಾದ ಸೇರಿದವರಿಗೆ. ಬದುಕಿದ್ದವರ ಫೋಟೋ ಇದ್ದರೆ ಅದು ಟ್ರಂಕಿನೊಳಗೆ, ರೇಷ್ಮೆ ಸೀರೆಗಳ ನಡುವೆ. ಗೋಡೆ ಹತ್ತಿದರೆಂದರೆ ಹಾರ ಬೀಳಬೇಕು, ಹಣೆ ಇರುವ ಕಡೆ ಗಾಜಿಗೆ ಗಂಧ ಕುಂಕುಮ ಏರಬೇಕು. ಬದುಕಿದ್ದವರಿಗೆ ಹಾಗೆ ಮಾಡಿದರೆ ಆಯುಸ್ಸು ಸವೆಯುತ್ತದೆ ಎಂದು ಹೊಳ್ಳರ ಊರು ಕೋಟದಲ್ಲೂ ನಂಬಿದ್ದರು, ಕೀಲ್ಪಾಕ್‌ನಲ್ಲೂ ನಂಬಿದ್ದರು.

ಹೊಳ್ಳರು ಕೋಟದ ಕಡೆಯವರು. ಮೀಸೆ ಮೂಡುವ ಮೊದಲೇ ಮದರಾಸಿಗೆ ಬಂದು, ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಪುರಸೈವಾಕ್ಕಂನ ಜವಳಿ ಅಂಗಡಿಗಳ ಸಾಲಿನಲ್ಲಿ ತಮ್ಮದೇ ಒಂದು ಸಣ್ಣ ಹೋಟೆಲು ಹಾಕಿದವರು. ಮಾತು ಕಡಿಮೆ. ಗಲ್ಲಾಪೆಟ್ಟಿಗೆಯ ಎದುರು ಕೂತಾಗ ಹೊಟ್ಟೆ ಮುಂದೆ, ತಲೆ ಹಿಂದೆ. ನಿದ್ದೆ ಮಾಡುತ್ತಿದ್ದಾರೋ ಎಚ್ಚರ ಇದ್ದಾರೋ ಎಂದು ಗಿರಾಕಿಗಳಿಗೆ ಅನುಮಾನ. ಫೋಟೋ ಎಂದರೆ ಅವರಿಗೂ ಹಾರ ಹಾಕುವ ವಸ್ತುವೇ ಆಗಿತ್ತು, ಐವತ್ತೊಂದರ ಚಳಿಗಾಲದ ಒಂದು ಬೆಳಗಿನವರೆಗೆ.

ಆ ಬೆಳಿಗ್ಗೆ ಮೂಲೆಯ ಮೇಜಿನಲ್ಲಿ ಮುರಳೀಧರ ಎಂಬ ತರುಣ ಕೂತಿದ್ದ. ವಿಮಾ ಕಚೇರಿಯ ಗುಮಾಸ್ತ, ರಮಾಬಾಯಿಯ ಹಾಗೆಯೇ ಹಳೇ ಮದರಾಸಿನ ಮನೆತನದವನು. ಸಂಬಳವೆಲ್ಲ ಕೊರಳಿನ ಕ್ಯಾಮೆರಾಕ್ಕೆ ಹೋಗುತ್ತದೆ ಎಂದು ಅವನ ತಾಯಿ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಯಾವುದೋ ಪ್ರದರ್ಶನಕ್ಕೆ ಕಳಿಸಲು ದೊಡ್ಡ ದೊಡ್ಡ ಪ್ರಿಂಟುಗಳನ್ನು ಅಮೃತಶಿಲೆಯ ಮೇಜಿನ ತುಂಬ ಹರಡಿಕೊಂಡಿದ್ದ. ಜನ ನಿಂತು ಕಾಯುವ ಹೊತ್ತು. ಅವನನ್ನು ಎಬ್ಬಿಸಬೇಕೆಂದು ಹೊಳ್ಳರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಬಂದವರು ನಿಂತೇಬಿಟ್ಟರು.

ಮೇಲಿನ ಚಿತ್ರದಲ್ಲಿ ಎರಡು ಕೈ. ಒಂದು ಮೇಲೆ, ಒಂದು ಕೆಳಗೆ. ಮೇಲಿನ ಲೋಟದಿಂದ ಕೆಳಗಿನ ಬಟ್ಟಲಿಗೆ ಒಂದು ಗಜ ಉದ್ದದ ಕಾಫಿ ಇಳಿಯುತ್ತಿದೆ. ಹಿಂದೆ ಕಗ್ಗತ್ತಲು, ಆ ಕತ್ತಲಲ್ಲಿ ಕಾಫಿ ಕಾಫಿಯಾಗಿ ಉಳಿಯದೆ ಬೆಳಕಿನ ಹಗ್ಗವಾಗಿದೆ. ಹಗ್ಗದ ಸುತ್ತ ಹಬೆ, ಯಾರೋ ಊದಿಬಿಟ್ಟ ಉಸಿರಿನ ಹಾಗೆ, ನಿಂತಲ್ಲೇ ನಿಂತಿದೆ.

“ಇದ್ ಎಲ್ಲಿ ತೆಗ್ದದ್ದ್ ಮಾರಾಯ್ರೆ?”

“ಇಲ್ಲೇ ಸಾರ್. ನಿಮ್ಮ ಶೀನನ ಕೈ.”

ಹೊಳ್ಳರು ತಿರುಗಿ ಅಡಿಗೆಮನೆಯ ಬಾಗಿಲು ನೋಡಿದರು. ಶೀನ ಕಾಫಿ ಎತ್ತಿ ಹೊಯ್ಯುತ್ತಿದ್ದ, ದಿನವೂ ಹೊಯ್ಯುವ ಹಾಗೆ. ಹಿತ್ತಿಲ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಹಗ್ಗ ಅಲ್ಲೂ ಇತ್ತು. ಹಬೆಯೂ ಇತ್ತು.

“ಇಪ್ಪತ್ತ್ ವರ್ಷದಿಂದ ನಾ ಇದ್ರ್ ಎದ್ರೇ ಇದ್ದೆ,” ಎಂದರು ಹೊಳ್ಳರು, ಯಾರಿಗೆಂದಿಲ್ಲದೆ. “ನಂಗೆಂತಕ್ಕೆ ಕಾಣ್ಲಿಲ್ಲ?”

“ಹೊಳ್ರೇ, ಗಿರಾಕಿ ಬೈತಾ ಇದ್ರ್, ಕಾಫಿ ಆರ್ತ್!” ಎಂದು ಶೀನ ಒಳಗಿನಿಂದ ಕೂಗಿದ.

ಮುರಳೀಧರನಿಗೆ ಆ ಪ್ರಿಂಟು ಬಿಟ್ಟು ಹೋಗುವುದು ಅನಿವಾರ್ಯವಾಯಿತು. ಹೊಳ್ಳರು ಅದರ ಮೂಲೆ ಹಿಡಿದುಕೊಂಡವರು ಕೈ ಬಿಟ್ಟಿರಲೇ ಇಲ್ಲ.

ಮನೆಗೆ ಬಂದಾಗ ಅದು ಪಂಚೆಯಲ್ಲಿ ಸುತ್ತಿಕೊಂಡು ಬಂತು, ಕಟ್ಟು ಹಾಕಿಸಿದ್ದಾಗಿತ್ತು. ಮೊಳೆ ಹೊಡೆಯಲು ಹೊರಟ ಗಂಡನನ್ನು ಚಂದ್ರಮತಿ ತಡೆದಳು.

“ಹ್ವಾಯ್, ಯಾರ್ ಕೈ ಇದ್?”

“ಶೀನಂದ್.”

“ಅವ ಬದ್ಕಿದ್ದನಲ್ದಾ?”

“ಕೈ ಅಷ್ಟೇ ಮಾರಾಯ್ತಿ. ಮೋರೆ ಇಲ್ಲ.”

ಚಂದ್ರಮತಿ ಯೋಚಿಸಿದಳು. “ಕೈ ಆದ್ರೆ ಅಡ್ಡಿಲ್ಲ,” ಎಂದಳು.

ಹಾಗೆ ಶುರುವಾಯಿತು. ಮುರಳೀಧರ ಹೊಳ್ಳರನ್ನು ಪ್ರದರ್ಶನಗಳಿಗೆ ಕರೆದೊಯ್ದ. ಕೋಟು ತೊಟ್ಟವರ ನಡುವೆ ಈ ಹೋಟೆಲಿನವರು ಜುಟ್ಟು ಕಟ್ಟಿಕೊಂಡು, ಕೈ ಹಿಂದೆ ಇಟ್ಟುಕೊಂಡು, ಒಂದೊಂದು ಚಿತ್ರದ ಎದುರೂ ದೇವಸ್ಥಾನದಲ್ಲಿ ನಿಂತ ಹಾಗೆ ನಿಂತರು. ಇಷ್ಟವಾದದ್ದರ ಒಡೆಯನನ್ನು ಹುಡುಕಿ, “ಇದ್ ನಂಗೊಂದ್ ಬೇಕಲೆ,” ಎಂದು ಕೇಳಿದರು. ಕೆಲವರು ನಕ್ಕರು, ಕೆಲವರು ಕೊಟ್ಟರು. ಬೆಂಗಳೂರಿನಿಂದ, ಕಲ್ಕತ್ತೆಯಿಂದ ಅಂಚೆಯಲ್ಲಿ ರಟ್ಟಿನ ಕೊಳವೆಗಳು ಬಂದವು. ಮರಳಿನ ದಿಬ್ಬದ ಮೇಲೆ ಗಾಳಿ ಬರೆದ ಗೆರೆ. ಕುಂಬಾರರ ಆವಿಗೆಯಿಂದ ಆಗತಾನೆ ತೆಗೆದ ಮಡಕೆಗಳು, ಒಂದರ ಬಾಯಿಗೆ ಇನ್ನೊಂದರ ನೆರಳು. ಸೈದಾಪೇಟೆಯ ಹೊಳೆಯಂಚಿನಲ್ಲಿ ಹರವಿದ ಬಿಳಿ ಸೀರೆಗಳ ನಡುವೆ, ಮೋಡದೊಳಗೆ ನಡೆಯುವವನ ಹಾಗೆ ನಡೆಯುತ್ತಿದ್ದ ಅಗಸ.

ಹೋಟೆಲಿನಲ್ಲಿ ಹೊಗೆ, ಜಿಡ್ಡು. ಅದಕ್ಕೇ ಚಿತ್ರಗಳೆಲ್ಲ ಮನೆಯ ಹಜಾರಕ್ಕೆ ಬಂದವು. ಅವನ್ನು ಕಾಪಾಡುವ ವಿದ್ಯೆ ಹೊಳ್ಳರಿಗೆ ಯಾರೂ ಹೇಳಿಕೊಡಲಿಲ್ಲ. ಮದರಾಸಿನ ತೇವಕ್ಕೆ ಮೊದಲನೇ ಮಳೆಗಾಲದಲ್ಲೇ ಒಂದೆರಡಕ್ಕೆ ಬೂಷ್ಟು ಹಿಡಿಯಿತು. ಅಜ್ಜ ತಾಳೆಗರಿಯ ಗ್ರಂಥಗಳಿಗೆ ಮಾಡುತ್ತಿದ್ದುದು ನೆನಪಾಗಿ, ಬಜೆಯ ಬೇರು ಮತ್ತು ಒಣಬೇವು ಕಟ್ಟಿದ ಪುಟ್ಟ ಗಂಟುಗಳನ್ನು ಪ್ರತಿ ಕಟ್ಟಿನ ಹಿಂದೆ ಸಿಕ್ಕಿಸಿದರು. ಹೋಟೆಲಿನ ಕೈಯಲ್ಲಿ ಎಣ್ಣೆ ಇರುತ್ತದೆಯಲ್ಲ, ಅದಕ್ಕೆ ಸಂಜೆ ಬಂದವರು ಸ್ನಾನ ಮಾಡಿ, ಗಳುವಿನ ಮೇಲೆ ಒಣಗಿದ ಮಡಿಪಂಚೆ ಉಟ್ಟು, ಆಮೇಲೆಯೇ ಚಿತ್ರ ಮುಟ್ಟುತ್ತಿದ್ದರು. ಆ ಹೊತ್ತಿನಲ್ಲಿ ಹೆಂಡತಿಯೂ ಅವರನ್ನು ಮುಟ್ಟುವಂತಿಲ್ಲ.

“ಸಂಧ್ಯಾವಂದನೆ ಮುಗ್ಸುಕೆ ಒಂದ್ ಉಸ್ರ್ ಸಾಕ್, ಗಾಜ್ ಒರ್ಸುಕೆ ಒಂದ್ ಜಾವ ಬೇಕ್,” ಎಂದು ಚಂದ್ರಮತಿ ಅಡಿಗೆಮನೆಯಿಂದಲೇ ಕೆಣಕುತ್ತಿದ್ದಳು. “ಯಮಧರ್ಮ ಕೇಂಡ್ರೆ ಎಂತ ಹೇಳ್ತ್ರಿ?”

“ಬಾ, ಕಾಣ್ ಅಂದ್ ಹೇಳ್ತೆ. ಒಂದ್ ಸಲ ಕಂಡ್ರೆ ಅವನೂ ಕೂತ್ಕಂತ.”

ಕೆಣಕಿದಳೇ ಹೊರತು, ಅವಳೂ ಮೆಲ್ಲಗೆ ಆ ಗೋಡೆಯ ಮೋಡಿಗೆ ಬಿದ್ದಿದ್ದಳು. ಹೊಳ್ಳರು ಚಿತ್ರ ತೂಗುಹಾಕುತ್ತಿದ್ದುದು ಕಿಟಕಿಯ ಬೆಳಕು ನಡೆಯುವ ದಾರಿ ನೋಡಿಕೊಂಡು. ಬೆಳಿಗ್ಗೆ ಮಡಕೆಗಳು ಎಚ್ಚರಾಗುತ್ತವೆ. ಬೆಳಕು ಸರಿದು ಅಗಸನ ಹತ್ತಿರ ಬಂತೆಂದರೆ ಅಕ್ಕಿ ತೊಳೆಯುವ ಹೊತ್ತು. ಮರಳ ದಿಬ್ಬ ಬೆಳಗಿದರೆ ಮಧ್ಯಾಹ್ನದ ಕಾಫಿ. ಮನೆಯಲ್ಲಿ ಗಡಿಯಾರ ಕೆಟ್ಟು ಕೂತದ್ದು ಅವಳಿಗೆ ತಿಂಗಳಾದರೂ ತಿಳಿಯಲಿಲ್ಲ.

ಮುಖಗಳು ಬಂದಾಗ ಮಾತ್ರ ಕೇಳುತ್ತಿದ್ದಳು: “ಇವ್ರ್ ಯಾರ್?” ಹೊಳ್ಳರ ಉತ್ತರ ಯಾವಾಗಲೂ ಒಂದೇ: “ಗೊತ್ತಿಲ್ಲ.” ಯಾರೆಂದು ಗೊತ್ತಿಲ್ಲದವರು ಗೋಡೆ ಹತ್ತಿದ್ದಾರೆಂದರೆ ಹೋದವರೇ ಇರಬೇಕು, ಪಾಪ, ಹಾರ ಹಾಕುವ ಮಕ್ಕಳಿಲ್ಲದೆ ನಮ್ಮನೆಗೆ ಬಂದು ಸೇರಿದ್ದಾರೆ ಎಂದುಕೊಂಡಳು ಚಂದ್ರಮತಿ. ಅವಳಿಗೆ ಅದರಲ್ಲಿ ಅನುಮಾನವೇ ಬರಲಿಲ್ಲ.

ಐವತ್ತನಾಲ್ಕರಲ್ಲಿ ಆ ಹೆಂಗಸು ಬಂದಳು. ಅದೂ ಮುರಳೀಧರ ತೆಗೆದದ್ದೇ. ಭುಜದಿಂದ ಮೇಲೆ ಮುಖ ಮಾತ್ರ. ಹಿಂದೆ ಬರಿಯ ಬಿಳಿ ಆಕಾಶ. ಗಾಳಿಗೆ ಹಾರಿದ ಕೂದಲು, ಹಣೆ ತುಂಬ ಕುಂಕುಮ, ಚೂರು ತೆರೆದ ತುಟಿ. ಕಣ್ಣು ಮಾತ್ರ ನೋಡುವವರ ಕಡೆಗಿಲ್ಲ. ಬಲಗಡೆ, ಕಟ್ಟಿನ ಆಚೆ, ಏನನ್ನೋ ನೋಡುತ್ತಿದೆ. ಎಂಥದನ್ನು ಕಂಡರೆ ಮನುಷ್ಯರ ಮುಖ ಹಾಗಾಗುತ್ತದೆ? ಹೊಳ್ಳರು ಅದನ್ನು ಕಿಟಕಿಯ ಎದುರಿನ ಗೋಡೆಗೆ ಹಾಕಿ, ಮೂರು ದಿನ ಹೋಟೆಲಿಗೆ ತಡವಾಗಿ ಹೋದರು.

ಚಂದ್ರಮತಿಗೆ ಆಗ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಗಂಡ ಹೊರಗೆ ಹೋದ ಮೇಲೆ ಆ ಮುಖದ ಎದುರು ನಿಂತಳು. ಮುತ್ತೈದೆಯಾಗಿ ಹೋದ ತಾಯಿ ಇವಳು, ಹೋಗುವ ಹೊತ್ತಿನಲ್ಲಿ ದೊಡ್ಡದೇನೋ ಕಂಡಿದ್ದಾಳೆ ಎನ್ನಿಸಿತು. ಒಂದು ಎಸಳು ಮಲ್ಲಿಗೆ ಸಿಕ್ಕಿಸಿ, ಗಾಜಿನ ಮೇಲೆ, ಆ ಕುಂಕುಮದ ಮೇಲೆಯೇ, ಕುಂಕುಮ ಇಟ್ಟು ಬೇಡಿಕೊಂಡಳು: “ಅಮ್ಮಾ, ನೀ ಕಂಡದ್ದ್ ನಂಗೂ ಕಾಂಬ ಹಾಂಗೆ ಮಾಡ್.”

ಮರುವರ್ಷ ಸುಗುಣಾ ಹುಟ್ಟಿದಳು.

ಅಲ್ಲಿಂದ ಮುಂದೆ ದಿನ ಬೆಳಿಗ್ಗೆ ಮಲ್ಲಿಗೆ, ಕುಂಕುಮ, ಶುಕ್ರವಾರ ಹಾರ. ಹೊಳ್ಳರು ಸಂಜೆ ಮಡಿಪಂಚೆ ಉಟ್ಟು ಬಂದು, ಬಾಡಿದ ಹೂವು ತೆಗೆದು, ಕುಂಕುಮ ಒರೆಸುತ್ತಿದ್ದರು. ಅವಳು ಇಡುವಳು, ಇವರು ಒರೆಸುವರು. ಐದು ವರ್ಷ ಈ ಸಂಸಾರ ಹೀಗೆ ನಡೆಯಿತು. ಒಬ್ಬರೂ ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಹೆಂಡತಿಗೂ ಚಿತ್ರ ಮೆಚ್ಚುಗೆಯಾಗಿದೆ, ಅವಳ ರೀತಿ ಅದು ಎಂದು ಹೊಳ್ಳರು ತಿಳಿದಿದ್ದರು. ಗಾಜು ಒರೆಸುವುದು ಗಂಡನ ರೀತಿ ಎಂದು ಅವಳು ತಿಳಿದಿದ್ದಳು.

ಮುರಳೀಧರ ಬರುತ್ತಿದ್ದುದು ಸಂಜೆಯೇ. ಅದಕ್ಕೇ ಅವನ ಕಣ್ಣಿಗೆ ಇದು ಬಿದ್ದಿರಲಿಲ್ಲ. ಐವತ್ತೊಂಬತ್ತರ ಒಂದು ಶುಕ್ರವಾರ, ಏನೋ ರಜೆ, ಬೆಳಿಗ್ಗೆಯೇ ಬಂದ. ಹೊಳ್ಳರು ಇನ್ನೂ ಹೋಟೆಲಿಗೆ ಹೊರಟಿರಲಿಲ್ಲ. ಗೋಡೆ ನೋಡಿದವನು ಚಪ್ಪಲಿ ಬಿಡುವುದನ್ನೂ ಮರೆತ.

“ಏನ್ ಮಾಮಿ ಇದು? ಇವಳಿಗ್ಯಾಕೆ ಹಾರ?”

“ನಮ್ಗೆ ಬೇಡಿದ್ದ್ ಕೊಟ್ಟ ತಾಯಿ ಅಲ್ದಾ,” ಎಂದಳು ಚಂದ್ರಮತಿ, ಸುಗುಣಾಳ ತಲೆ ಸವರುತ್ತ. “ಎಷ್ಟ್ ಪುಣ್ಯವಂತೆಯೋ. ಹೋಗಿ ಎಷ್ಟ್ ವರ್ಷ ಆಯ್ತಂಬ್ರ್?”

“ಹೋಗೋದಾ? ಎಲ್ಲಿಗೆ ಮಾಮಿ? ಅಂಜಲೈ ಅವಳು! ಕಾಸಿಮೇಡಲ್ಲಿ ಮೀನು ಮಾರ್ತಾಳೆ. ಹೋದ ಭಾನುವಾರ ಕೂಡ ನನ್ನ ಬೈದಳು, ದಿನಾ ಪೆಟ್ಟಿಗೆ ಕಟ್ಕೊಂಡು ಬರ್ತೀಯ, ಒಂದು ಮೀನೂ ತಗೊಳ್ಳಲ್ಲ ಅಂತ.”

ಚಂದ್ರಮತಿಯ ಕೈಯಿಂದ ಕುಂಕುಮದ ಭರಣಿ ಬಿತ್ತು.

ಮೀನಿನವಳು ಎಂಬುದು ಅವಳ ತಲೆಗೆ ಆಮೇಲೆ ಹೋಯಿತು. ಮೊದಲು ಹೋದದ್ದು ಬದುಕಿದ್ದಾಳೆ ಎಂಬುದು. ಬದುಕಿದ್ದವಳಿಗೆ ಐದು ವರ್ಷ ಹಾರ ಹಾಕಿದೆನಲ್ಲ! ನನ್ನ ಮಡಿಲು ತುಂಬಿಸಿದವಳ ಆಯುಸ್ಸನ್ನು ನಾನೇ ಎಸಳೆಸಳಾಗಿ ಕಿತ್ತೆನಲ್ಲ! ಅವಳ ಕಣ್ಣು ಆ ಗೋಡೆಯಿಂದ ಉಳಿದ ಗೋಡೆಗಳಿಗೆ ಹೋಯಿತು. ಅಗಸ. ಹೂ ಕಟ್ಟುವ ಮುದುಕಿ. ಬಾಯಿ ತೆರೆದು ನಿದ್ದೆ ಮಾಡುವ ಕೈರಿಕ್ಷಾದವನು.

“ಹ್ವಾಯ್, ಇವ್ರೆಲ್ಲ?”

“ಬದ್ಕಿಪ್ಪುಕೂ ಸಾಕ್,” ಎಂದರು ಹೊಳ್ಳರು ಸಣ್ಣ ದನಿಯಲ್ಲಿ. ಅವರು ಅದನ್ನು ಯೋಚಿಸಿಯೇ ಇರಲಿಲ್ಲ.

“ಎಲ್ಲ ಇಳ್ಸಿ.”

“ಕೇಣ್ ಮಾರಾಯ್ತಿ...”

“ಎಲ್ಲ ಇಳ್ಸಿ! ಒಂದ್ ಮನೆ ಗೋಡೆ ಮೇಲೆ ಇಷ್ಟ್ ಜೀವ ನೇತ್ಹಾಕಿ ನಾವ್ ಉಂಬುದಾ, ಮಲ್ಗುದಾ?”

ಹೊಳ್ಳರು ಗೋಡೆ ನೋಡಿದರು. ಬೆಳಕು ಮಡಕೆಗಳನ್ನು ದಾಟಿ ಅಗಸನ ಕಡೆ ಹೊರಟಿತ್ತು. ಆ ಹೊತ್ತಿನ ಗಂಡನ ಮುಖವನ್ನು ಚಂದ್ರಮತಿ ಮುಂದೆ ಯಾವತ್ತೂ ಮರೆಯಲಿಲ್ಲ. ಅವರು ಹೆಂಡತಿಯ ಕಡೆ ತಿರುಗಿ, “ಅವ್ಳನ್ನೇ ಕರ್ಕಂಡ್ ಬರ್ಲಿ ಮುರಳಿ,” ಎಂದರು. “ಅವ್ಳ್ ಬಾಯಲ್ಲಿ ಇಳಿಸಿ ಅಂತ ಬಂದ್ರೆ, ಅದೊಂದೇ ಅಲ್ಲ, ಎಲ್ಲ ಇಳ್ಸ್ತೆ. ಮೊಳೆನೂ ಕೀಳ್ತೆ. ಮತ್ತೆ ಈ ಜನ್ಮದಲ್ಲಿ ಒಂದ್ ಫೋಟೋ ಕೇಣುದಿಲ್ಲ.”

ಮಾತು ಕೊಟ್ಟಾಯಿತು. ಭಾನುವಾರದವರೆಗೆ ಹೊಳ್ಳರು ಗಾಜು ಒರೆಸಲಿಲ್ಲ. ಚಂದ್ರಮತಿ ಹಜಾರದಲ್ಲಿ ದೀಪ ಹಚ್ಚಲಿಲ್ಲ.

ಭಾನುವಾರ ಬಂತು. ಮುರಳೀಧರನ ಹಿಂದೆ ಅಂಜಲೈ ಬಂದಳು. ಎಣ್ಣೆ ಹಾಕಿ ಬಾಚಿದ ತಲೆ, ಮಡಿಕೆ ಬಿಡಿಸಿ ಉಟ್ಟ ಕೆಂಪು ಸೀರೆ. ಎಷ್ಟು ತಿಕ್ಕಿ ತೊಳೆದಿದ್ದರೂ ಕಡಲು ಅವಳ ಜೊತೆಗೇ ಬಂದಿತ್ತು. ಬಾಗಿಲ ಎದುರು ನಿಂತಳು, ಮೆಟ್ಟಿಲು ಹತ್ತಲಿಲ್ಲ. ಕಡಲ ಕಡೆಯ ಒರಟು ತಮಿಳಿನಲ್ಲಿ ಹೇಳಿದಳು: “ಇಲ್ಲೇ ನಿಲ್ತೀನಮ್ಮಾ. ಐಯರ್ ಮನೆ. ನಾನು ಮೀನಿನವಳು.”

ಎದುರು ತಿಣ್ಣೆಯಿಂದ ರಮಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೂಗಿದರು. “ಏನ್ರೀ ಚಂದ್ರಮತಿ, ಯಾರದು ವಾಸಲಲ್ಲಿ, ಬಾಗಿಲ ಹತ್ತಿರ? ಬೀದಿಯೆಲ್ಲ ವಾಸನೆ!”

ಚಂದ್ರಮತಿ ಹೊಸಿಲ ಒಳಗೆ ನಿಂತಿದ್ದಳು. ಆಗಲೇ ಸ್ನಾನವಾಗಿತ್ತು, ಮಡಿಯಲ್ಲಿದ್ದಳು. ಕೋಟದ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗಾಯಿತು. ಎದುರಿಗೆ ಆ ಮುಖ, ಐದು ವರ್ಷ ಹಳೆಯದಾದ ಅದೇ ಮುಖ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿತ್ತು. ಐದು ವರ್ಷದಿಂದ ಮನೆಯೊಳಗೇ ಇದ್ದವಳನ್ನು ಈಗ ಹೊರಗೆ ನಿಲ್ಲಿಸುವುದು ಹೇಗೆ?

“ನಮ್ಗೆ ಬೇಕಾದವ್ರ್ ರಮಾಬಾಯೀರೇ,” ಎಂದು ಗಟ್ಟಿಯಾಗಿ ಹೇಳಿದಳು. ತನ್ನ ಅರೆಬರೆ ತಮಿಳಿನಲ್ಲಿ, “ಉಳ್ಳೆ ವಾಂಗೊ,” ಎಂದು ಒಳಗೆ ಕರೆದು, ಕೈ ಹಿಡಿದಳು.

ಅಂಜಲೈ ಹಜಾರದ ನಡುವೆ ಬಂದು ನಿಂತು ಗೋಡೆ ನೋಡಿದಳು. ಮುರಳೀಧರ ದಾರಿಯಲ್ಲೇ ಎಲ್ಲ ಹೇಳಿದ್ದ.

“ಹಾರ ಹಾಕಿದ್ದು ಯಾರು?”

“ನಾನು,” ಎಂದಳು ಚಂದ್ರಮತಿ ತಲೆ ತಗ್ಗಿಸಿ. “ಗೊತ್ತಿಲ್ಲದೆ.”

“ಅಡಿ ಪಾವಿ! ನನ್ನ ಸಾಯಿಸೇ ಬಿಟ್ಟೆಯಾ?” ಸೊಂಟದ ಮೇಲೆ ಕೈ ಇಟ್ಟಳು. ಮೀನುಕಟ್ಟೆಯ ಗಂಟಲು, ಬೀದಿಯವರೆಗೂ ಕೇಳಿಸಿತು. “ಐದು ವರ್ಷ ಹಾರ ಬಿದ್ದೂ ಗುಂಡುಕಲ್ಲಿನ ಹಾಗಿದ್ದೀನಲ್ಲ, ಏನು ಹೇಳ್ತೀಯ ಇದಕ್ಕೆ? ನನ್ನ ಗಂಡನಿಗೆ ಹೇಳಬೇಡ, ಇನ್ನೊಂದು ಹಾರ ಅವನೇ ತಂದಾನು!” ಎಂದು ತನ್ನ ಮಾತಿಗೆ ತಾನೇ ನಕ್ಕಳು. ಚಂದ್ರಮತಿಗೆ ನಗು ಬರಲಿಲ್ಲ, ಅಳು ಬಂತು.

ಅಂಜಲೈ ಚಿತ್ರದ ಹತ್ತಿರ ಹೋದಳು. ನಗು ನಿಂತಿತು. ಮುರಳೀಧರ ಉಗುರು ಕಚ್ಚುತ್ತಿದ್ದ. ಅಷ್ಟು ಸಲ ಕಡಲಿಗೆ ಹೋಗಿಯೂ ಚಿತ್ರವನ್ನು ಅವಳಿಗೆ ತೋರಿಸಬೇಕೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಳ್ಳರು ಕಂಬಕ್ಕೆ ಒರಗಿ, ಅವಳ ತುಟಿಯನ್ನೇ ನೋಡುತ್ತಿದ್ದರು. ಆ ತುಟಿಯಿಂದ ಬರುವ ಒಂದು ಮಾತಿಗೆ ಅವರ ಎಂಟು ವರ್ಷ ನೇತುಬಿದ್ದಿತ್ತು.

“ಇದು ಯಾವತ್ತಿನದು ಗೊತ್ತಾ?” ಎಂದಳು ಅಂಜಲೈ. ದನಿ ಬೇರೆಯೇ ಆಗಿತ್ತು. “ಅಯಿಪ್ಪಸಿ ತಿಂಗಳ ಬಿರುಗಾಳಿ. ನನ್ನ ಗಂಡ ಕಟ್ಟುಮರ ತಗೊಂಡು ಕಡಲಿಗೆ ಹೋದವನು ಎರಡು ರಾತ್ರಿ ಬರಲಿಲ್ಲ. ಜೊತೆಗೆ ಹೋದವರ ಮರ ಮುರಿದು ದಡಕ್ಕೆ ಬಂತು. ಹೆಂಗಸರೆಲ್ಲ ಬಂದು ನನ್ನ ಬಳೆ ನೋಡೋಕೆ ಶುರು ಮಾಡಿದರು. ನಾನು ದಡ ಬಿಟ್ಟು ಏಳಲಿಲ್ಲ. ಮೂರನೇ ದಿನ ಬೆಳಿಗ್ಗೆ...”

ನಿಲ್ಲಿಸಿದಳು. ಚಿತ್ರದಲ್ಲಿ ತನ್ನ ಕಣ್ಣು ಹೋಗುತ್ತಿದ್ದ ದಾರಿಯಲ್ಲೇ ಬೆರಳನ್ನು ಒಯ್ದಳು. ಗಾಜು ದಾಟಿ, ಕಟ್ಟಿನ ಮರ ದಾಟಿ, ಬರಿಯ ಸುಣ್ಣದ ಗೋಡೆಯ ಮೇಲೆ ಒಂದು ಗೇಣು ಆಚೆ ಬೆರಳು ನಿಂತಿತು.

“ಇಲ್ಲಿ ಬಂದ,” ಎಂದಳು.

ನಾಲ್ವರೂ ಗೋಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಹಳೆಯ ಸುಣ್ಣ, ಒಂದು ಬಿರುಕು. ಆದರೂ ಬೆರಳ ತುದಿಯಲ್ಲಿ, ಬೆಳ್ಳಗಿನ ಕಡಲ ಮೇಲೆ, ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದು ಏಳುತ್ತ ಮುಳುಗುತ್ತ ಬರುವುದು ಚಂದ್ರಮತಿಗೆ ಕಂಡಿತು. ಸಾಯುವ ತನಕ ಅದನ್ನು ಆಣೆ ಇಟ್ಟು ಹೇಳುತ್ತಿದ್ದಳು. ಗಂಡನ ಕಡೆ ತಿರುಗಿ ನೋಡಿದಳು. ಐದು ವರ್ಷ ಮುಖ ನೋಡಿದ್ದ ಹೊಳ್ಳರು ಮೊದಲ ಸಲ ಮುಖ ಬಿಟ್ಟು ಗೋಡೆ ನೋಡುತ್ತಿದ್ದರು, ಕೈ ಜೋಡಿಸಿಕೊಂಡಿದ್ದರು.

ಚಂದ್ರಮತಿಯೇ ಕೇಳಿದಳು. “ಇಳಿಸಿ ಅಂದರೆ ಇಳಿಸುತ್ತೇವಮ್ಮಾ.”

“ಯಾಕೆ ಇಳಿಸಬೇಕು? ಅವನು ಬಂದ ದಿನ ಇದು. ಇರಲಿ.” ಅಂಜಲೈ ಮೂಗು ಒರೆಸಿಕೊಂಡಳು. “ಹಾರ ಮಾತ್ರ ಬೇಡ ತಾಯಿ. ಹೂವು ಕೊಡಲೇಬೇಕು ಅಂದರೆ ನಾನು ಬಂದಾಗ ತಲೆಗೆ ಕೊಡು, ಮುಡಿದುಕೊಂಡು ಹೋಗ್ತೀನಿ. ಗಾಜಿಗೆ ಏನು ಗೊತ್ತು ಮಲ್ಲಿಗೆ ವಾಸನೆ?”

ಚಂದ್ರಮತಿ ಅರಿಶಿನ ಕುಂಕುಮದ ತಟ್ಟೆ ತಂದಳು. ರವಿಕೆ ಕಣ ತಂದಳು, ಮಾರುದ್ದ ಮಲ್ಲಿಗೆ ತಂದಳು. ಐದು ವರ್ಷ ತಣ್ಣನೆಯ ಗಾಜಿಗೆ ಇಟ್ಟ ಬೆರಳು ಬೆಚ್ಚಗಿನ ಹಣೆ ಮುಟ್ಟಿತು. ಆ ಸಂಜೆ ಹೊಳ್ಳರು ಮಡಿಪಂಚೆ ಉಟ್ಟು ಬಂದಾಗ ಒರೆಸಲು ಕುಂಕುಮವಿರಲಿಲ್ಲ.

ಕೀಳಬೇಕೆಂದಿದ್ದ ಮೊಳೆಗಳು ಉಳಿದವು. ಆದರೆ ಹೊಳ್ಳರು ಅದಕ್ಕೆ ಸುಮ್ಮನಾಗಲಿಲ್ಲ. ಗೋಡೆಯ ಮೇಲಿನವರ ಅಪ್ಪಣೆ ಕೇಳಬೇಕು ಎಂದು ಹೊರಟರು. ಒಬ್ಬೊಬ್ಬರನ್ನೇ ಹುಡುಕಿ ಮನೆಗೆ ಕರೆಸಿ, ಅವರ ಚಿತ್ರದ ಎದುರು ನಿಲ್ಲಿಸಿ, ತಾವೇ ಕಾಫಿ ಎತ್ತಿ ಹೊಯ್ದು ಕೊಟ್ಟರು. ಸೈದಾಪೇಟೆಯ ಅಗಸ ಚಿತ್ರ ನೋಡಿ ತನ್ನನ್ನು ಬಿಟ್ಟು ಸೀರೆಗಳ ಗುರುತು ಹಿಡಿದ. ಇದು ಡಾಕ್ಟರಮ್ಮನದು, ಇದು ಹರಿದದ್ದಕ್ಕೆ ನಾನು ಒದೆ ತಿಂದದ್ದು ಎಂದ. ಕೈರಿಕ್ಷಾದ ಮಾಣಿಕ್ಕಂ ಮಾತ್ರ ಸಿಟ್ಟಾದ. “ಬಾಯಿ ತೆಗೆದು ಬಿದ್ದುಕೊಂಡಿರೋದನ್ನ ಊರಿಗೆ ತೋರಿಸ್ತೀರಾ ಸಾಮಿ? ತೆಗೀರಿ.” ಅದು ಹೊಳ್ಳರಿಗೆ ಬಲು ಪ್ರೀತಿಯ ಚಿತ್ರ. ಅವನೆದುರೇ ಇಳಿಸಿ, ಪಂಚೆಯಲ್ಲಿ ಸುತ್ತಿ ಅವನ ಕೈಗೇ ಕೊಟ್ಟರು. ಹೂ ಕಟ್ಟುವ ಮುದುಕಿ ನಿಜಕ್ಕೂ ಹೋಗಿಬಿಟ್ಟಿದ್ದಳು. ಅವಳ ಚಿತ್ರಕ್ಕೆ ಚಂದ್ರಮತಿ ನೆಮ್ಮದಿಯಿಂದ ಹಾರ ಹಾಕಿದಳು.

ಚಿತ್ರಗಳು ಬರುತ್ತಲೇ ಇದ್ದವು. ಹಜಾರ ತುಂಬಿ ಕೋಣೆಗೆ, ಕೋಣೆ ತುಂಬಿ ಊಟದ ಮನೆಗೆ ಹಬ್ಬಿದವು. ಅಂಜಲೈಯ ಕಟ್ಟಿನ ಬಲಗಡೆಯ ಗೇಣು ಗೋಡೆ ಮಾತ್ರ ಖಾಲಿಯೇ ಉಳಿಯಿತು. ವರ್ಷಕ್ಕೊಮ್ಮೆ ಸುಣ್ಣ ಹೊಡೆಯಲು ಬಂದವರು ಅಲ್ಲೊಂದು ಮೊಳೆ ಹೊಡೆಯಲೇ ಎಂದರೆ, “ಅಲ್ಲಿ ಜಾಗ ಇಲ್ಲ,” ಎನ್ನುತ್ತಿದ್ದರು ಹೊಳ್ಳರು.

ಅವರದೇ ಒಂದು ಚಿತ್ರ ತೆಗೆಯಲು ಮುರಳೀಧರ ಅದೆಷ್ಟೋ ಸಲ ಹೊಂಚು ಹಾಕಿದ. ಒಮ್ಮೆಯೂ ಸಿಗಲಿಲ್ಲ. “ಕಾಂಬವನನ್ನ ಎಂತ ಕಾಂಬುದ್, ಕಾಂಬ ವಸ್ತು ಕಾಣಿ,” ಎಂದು ಮುಖಕ್ಕೆ ಹೆಗಲಿನ ಬೈರಾಸು ಅಡ್ಡ ಹಿಡಿಯುತ್ತಿದ್ದರು.

ಅರವತ್ತೇಳರ ಪುಷ್ಯದಲ್ಲಿ, ಸಂಜೆ ಗಾಜು ಒರೆಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. “ಬೆಳ್ಕ್ ಲಾಯ್ಕಿತ್ತ್,” ಎಂದರಂತೆ. ಅಷ್ಟೇ.

ಊರಿನಿಂದ ಹೊಳ್ಳರ ತಮ್ಮ ರೈಲು ಹತ್ತಿ ಬರುವ ತನಕ ಕಾದರು. ಮಡಿಪಂಚೆಯಲ್ಲೇ ಹಜಾರದಲ್ಲಿ ಮಲಗಿಸಿದ್ದರು. ಬೆಳಕು ಎಂದಿನ ದಾರಿಯಲ್ಲಿ ನಡೆಯಿತು: ಮಡಕೆ, ಅಗಸ, ಮರಳು. ಚಂದ್ರಮತಿ ಗಂಡನ ತಲೆಯ ಹತ್ತಿರ ಕೂತು ಅದನ್ನೇ ನೋಡುತ್ತಿದ್ದಳು. ಹನ್ನೆರಡು ತುಂಬಿದ ಸುಗುಣಾ ತಮಿಳಿನಲ್ಲಿ “ಅಪ್ಪಾ ಎಳುಂದಿರುಪ್ಪಾ” ಎಂದು ಎಬ್ಬಿಸುತ್ತಲೇ ಇದ್ದಳು.

ಓಣಿಯಲ್ಲಿ ಜನ ನೆರೆದಿದ್ದರು. ರಮಾಬಾಯಿಯ ತಿಣ್ಣೆಯ ಮೇಲೆ ಕೂತಿದ್ದ ಹೊಸ ಬಾಡಿಗೆಯವಳೊಬ್ಬಳು ಥಟ್ಟನೆ ಎದ್ದು ನಿಂತಳು.

“ಅಮ್ಮಾ! ಅಲ್ನೋಡಿ! ಗೋಡೆ ಮೇಲಿದ್ದ ಆ ಹೆಂಗಸು!”

ಅಂಜಲೈ ಬರುತ್ತಿದ್ದಳು. ಪಕ್ಕದಲ್ಲಿ ಕಡಲಿನಿಂದ ವಾಪಸು ಬಂದ ಗಂಡ, ಈಗ ಒಂದು ಕಾಲು ಎಳೆಯುತ್ತಾನೆ. ಅವರ ಹಿಂದೆ ಅಗಸ. ಅವನ ಹಿಂದೆ, ಚಿತ್ರ ಇಳಿಸಿಕೊಂಡು ಹೋಗಿದ್ದ ಮಾಣಿಕ್ಕಂ ಕೂಡ, ರಿಕ್ಷಾ ಓಣಿಯ ತುದಿಯಲ್ಲಿ ನಿಲ್ಲಿಸಿ. ಇನ್ನೂ ಯಾರುಯಾರೋ. ಇವರು ಬಂದು ಹೋದಾಗಲೆಲ್ಲ ಮೀನಿನವಳು, ಅಗಸ ಎಂದಷ್ಟೇ ಕಂಡಿದ್ದ ರಮಾಬಾಯಿ ಲೋಕವಾರ್ತೆ ಮರೆತು, ಬಾಯಿ ಮೇಲೆ ಸೆರಗಿಟ್ಟುಕೊಂಡು, ತಾವೇ ಇಷ್ಟು ವರ್ಷ ಮರುಗಿದ್ದ ಹೋದವರೆಲ್ಲ ಒಬ್ಬೊಬ್ಬರಾಗಿ ನಡೆದು ಬಂದು ಹೊಳ್ಳರ ಬಾಗಿಲಲ್ಲಿ ನಿಲ್ಲುವುದನ್ನು ನೋಡಿದರು.

ಮುರಳೀಧರ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಬಂದಿದ್ದ. ಅವನಿಗೆ ಅದು ಅಂಗಿ ಇದ್ದ ಹಾಗೆ. ಚಂದ್ರಮತಿಯ ಹತ್ತಿರ ಬಗ್ಗಿ, “ಮಾಮಿ, ಮಾಮಾದು ಒಂದೂ ಇಲ್ಲ ನಮ್ಮ ಹತ್ತಿರ. ಈಗ ಹೊರಡೋ ಮೊದಲು... ಗೋಡೆಗಾದರೂ ಒಂದು ಬೇಕಲ್ಲ,” ಎಂದ.

ಚಂದ್ರಮತಿ ತಲೆ ಎತ್ತಿ ಅಂಜಲೈಯ ಚಿತ್ರ ನೋಡಿದಳು, ಪಕ್ಕದ ಖಾಲಿ ಗೋಡೆ ನೋಡಿದಳು.

“ಅವ್ರನ್ನ ತೆಗಿಬೇಡ ಮಗಾ,” ಎಂದಳು. “ಅವ್ರನ್ನ ಕಾಂತಾ ನಿಂತ್ರಲ್ಲ, ಅವ್ರನ್ನ ತೆಗಿ.”

ಶೀನ ಮುಂದೆ ಹೆಗಲು ಕೊಟ್ಟ. ಹೊಳ್ಳರ ತಮ್ಮ ಮಡಕೆಯಲ್ಲಿ ಬೆಂಕಿ ಹಿಡಿದ. ಗೋವಿಂದಾ ಎಂದು ಎತ್ತಿದರು. ಹೆಂಗಸರು ಹೊಸಿಲವರೆಗೆ ಬಂದು ನಿಂತರು. ಅಂಜಲೈಗೆ ಯಾರೂ ಆಚೆ ಸರಿ ಎನ್ನಲಿಲ್ಲ, ಅವಳು ಚಂದ್ರಮತಿಯ ಭುಜಕ್ಕೆ ಭುಜ ತಾಗಿಸಿ ನಿಂತಳು. ಮುರಳೀಧರ ಬೀದಿಗೆ ಇಳಿದು, ಮನೆಯ ಕಡೆ ಮುಖ ಮಾಡಿ, ಕ್ಯಾಮೆರಾ ಎದೆಯ ಎತ್ತರಕ್ಕೆ ಹಿಡಿದ. ಹೊಳ್ಳರು ಹೊಸಿಲು ದಾಟಿ, ಮೆಟ್ಟಿಲಿಳಿದು, ಅವನ ಪಕ್ಕದಿಂದಲೇ ಹಾದು ಓಣಿಗೆ ಬಂದರು. ಅವನು ತಿರುಗಲಿಲ್ಲ. ಬಾಗಿಲಲ್ಲಿ ನಿಂತವರ ಕಣ್ಣುಗಳೆಲ್ಲ ಅವನನ್ನು ದಾಟಿ, ಅವನ ಬೆನ್ನ ಹಿಂದೆ, ಬಲಗಡೆಗೆ, ಬೆಳಕಿನಲ್ಲಿ ಓಣಿಯ ತುದಿಯವರೆಗೂ ಹೋಗುತ್ತಿದ್ದವು.